ಡಾಕ್ಟರ್ ಮಗನ ಮಾತು ಕೇಳದ ತಾಯಿ

ಫಿಲಿಪ್ಪೀನ್ಸಿನ ದಕ್ಷಿಣ ಭಾಗದ ದಪಿತಾನ್ ಎಂಬ ಸಣ್ಣ ಊರಿನಲ್ಲಿ ಗಡೀಪಾರಾಗಿ ಕೂತಿದ್ದ ಕಣ್ಣಿನ ಡಾಕ್ಟರೊಬ್ಬರು ತಮ್ಮ ಭಾವನಿಗೆ ಕಾಗದ ಬರೆದು ಗೋಳು ತೋಡಿಕೊಂಡಿದ್ದರು. ತಾಯಿಯ ಕಣ್ಣಿನ ಪೊರೆ ತೆಗೆದಾಯಿತು, ತಕ್ಷಣ ಚೆನ್ನಾಗಿ ಕಂಡಿತು, ಮೂರು ದಿನ ಯಾವ ತೊಂದರೆಯೂ ಇರಲಿಲ್ಲ. ಕಣ್ಣು ಬಂತೆಂಬ ಹುರುಪಿನಲ್ಲಿ ತಾಯಿ ಯಾರನ್ನೂ ಕೇಳದೆ ಎದ್ದರು, ಮಲಗಿದರು, ಪಟ್ಟಿ ಬಿಚ್ಚಿದರು, ಮತ್ತೆ ಕಟ್ಟಿಕೊಂಡರು. ಬೇಡವೆಂದರೆ ಏನೂ ಆಗುವುದಿಲ್ಲ ಬಿಡು ಎಂದರು. ಗಾಯ ಬಿಟ್ಟುಕೊಂಡು ಕಣ್ಣು ಊದಿತು. ವೈದ್ಯನಾದವನು ಸ್ವಂತ ಮನೆಯವರಿಗೆ ಏಕೆ ಚಿಕಿತ್ಸೆ ಕೊಡಬಾರದೆಂದು ಈಗ ತಿಳಿಯಿತು ಎಂಬುದು ಆ ಕಾಗದದ ಸಾರ.

ಡಾಕ್ಟರ ಹೆಸರು ಹೊಸೆ ರಿಸಾಲ್. ಕಾದಂಬರಿಕಾರ, ಕವಿ, ಇವತ್ತು ಆ ದೇಶದ ರಾಷ್ಟ್ರವೀರ. ಪಟ್ಟಿ ಬಿಚ್ಚಿದ ತಾಯಿ ತೆಯೊದೊರಾ ಅಲೊನ್ಸೊ, ಹತ್ತಿರದವರಿಗೆ ಲೊಲಾಯ್.

ಪೊರೆ ತೆಗೆಸಿಕೊಂಡ ತಾಯಿಯನ್ನು ಮನೆಯಲ್ಲಿ ನೋಡಿಕೊಂಡವರಿಗೆ ಈ ಕಾಗದ ಹಳೆಯದೆನ್ನಿಸಲಾರದು. ಈ ಲೇಖಕಿಯ ಅಮ್ಮ ಆಪರೇಷನ್ನಾದ ಮಾರನೆಯ ಬೆಳಿಗ್ಗೆಯೇ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಒಗ್ಗರಣೆಗೆ ನಿಂತಿದ್ದರು. "ಹೊಗೆ ತಾಗಬಾರದಮ್ಮಾ" ಎಂದರೆ, "ಸಾಸಿವೆ ಸಿಡೀತೋ ಇಲ್ಲವೋ ಅಂತ ಕನ್ನಡಕದಲ್ಲಿ ಕಾಣೋಲ್ಲ ಕಣೇ" ಎಂಬ ಉತ್ತರ. ರಿಸಾಲ್ ಕಾಲದಲ್ಲಾದರೋ ಕಣ್ಣೊಳಗೆ ಕೂರಿಸುವ ಮಸೂರ ಇರಲಿಲ್ಲ. ತಲೆ ಅಲ್ಲಾಡಿಸದೆ ಮಲಗುವುದೇ ಮುಖ್ಯ ಚಿಕಿತ್ಸೆ. ಲೊಲಾಯ್‌ಗೆ ಒಗ್ಗದಿದ್ದದ್ದೂ ಅದೇ.

ಅವರು ಮನಿಲಾದಲ್ಲಿ 1827ರಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳಿಗೆ ಅಷ್ಟಾಗಿ ಓದು ಸಿಗದಿದ್ದ ಕಾಲದಲ್ಲಿ ಸಾಂತಾ ರೋಸಾ ಶಾಲೆಯಲ್ಲಿ ಕಲಿತರು. 1848ರಲ್ಲಿ ಫ್ರಾನ್ಸಿಸ್ಕೊ ಮೆರ್ಕಾದೊ ಅವರನ್ನು ಮದುವೆಯಾಗಿ ಲಗುನಾ ಪ್ರಾಂತ್ಯದ ಕಲಾಂಬಕ್ಕೆ ಬಂದರು. ಹನ್ನೊಂದು ಮಕ್ಕಳು, 1861ರಲ್ಲಿ ಹುಟ್ಟಿದ ಹೊಸೆ ಏಳನೆಯವನು. ಗಂಡ ಹೊಲ ನೋಡಿಕೊಂಡರೆ ಇವರು ಅಂಗಡಿ ನೋಡಿಕೊಂಡರು.

ಮಕ್ಕಳಿಗೆ ಅಕ್ಷರ ತಿದ್ದಿಸಿದ್ದೂ ಇವರೇ. ರಿಸಾಲ್ ನೆನಪಿಸಿಕೊಂಡಿರುವ ಒಂದು ರಾತ್ರಿ ಬಹಳ ಚೆನ್ನಾಗಿದೆ. ಓದುತ್ತಿದ್ದದ್ದು ಸ್ಪ್ಯಾನಿಷ್ ಭಾಷೆಯ ಮಕ್ಕಳ ಪುಸ್ತಕ. ರಟ್ಟು ಕಿತ್ತುಹೋಗಿ, ಅಕ್ಕ ನೀಲಿ ಕಾಗದ ಅಂಟಿಸಿ ಹೊದಿಕೆ ಮಾಡಿದ್ದಳು. ಪುಟದ ತುಂಬ ಗೊಂಬೆ ಗೀಚಿದ್ದಕ್ಕೆ ಮೊದಲು ಬೈಗುಳ, ಆಮೇಲೆ ಕತೆ. ದೀಪಕ್ಕೆ ಬೀಳಬೇಡವೆಂಬ ತಾಯಿಯ ಮಾತು ಮೀರಿದ ಮರಿ ಪತಂಗದ ಕತೆ; ಅದನ್ನು ಅಮ್ಮ ತಗಲೋಗ್ ಭಾಷೆಗೆ ತಿರುಗಿಸಿ ಹೇಳುತ್ತಿದ್ದರೆ, ಹುಡುಗನ ಕಣ್ಣು ಎದುರಿಗಿದ್ದ ಕೊಬ್ಬರಿಎಣ್ಣೆಯ ದೀಪದ ಸುತ್ತ ಹಾರುತ್ತಿದ್ದ ನಿಜವಾದ ಹುಳುಗಳ ಮೇಲೆ. ತಾಯಿಯ ಮಾತು ಮೀರಬೇಡ ಎಂಬ ನೀತಿ ಅವನ ತಲೆಗೆ ಹೋಗಲಿಲ್ಲ. ಬೆಳಕೇ ಇನ್ನಷ್ಟು ಚೆಂದ ಕಂಡಿತಂತೆ.

ಹುಡುಗನಿಗೆ ಹತ್ತು ವರ್ಷ ಆಗುವ ಹೊತ್ತಿಗೆ ಮನೆಗೆ ಪೊಲೀಸರು ಬಂದರು. ಲೊಲಾಯ್ ತಮ್ಮ ಸೋದರನ ಜೊತೆ ಸೇರಿ ಅವನ ಹೆಂಡತಿಗೆ ವಿಷ ಹಾಕಲು ಹೊರಟಿದ್ದರೆಂಬ ಸುಳ್ಳು ಆಪಾದನೆ. ಹಿಂದೊಮ್ಮೆ ಗಾರ್ಡಿಯಾ ಸಿವಿಲ್ ಪಡೆಯ ಅಧಿಕಾರಿಯ ಕುದುರೆಗೆ ಮೇವು ಇಲ್ಲ ಎಂದಿದ್ದರು ಫ್ರಾನ್ಸಿಸ್ಕೊ. ಆ ಸೇಡು ಇದರಲ್ಲಿ ಸೇರಿತ್ತೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಒಂದು ಹಿಡಿ ಹುಲ್ಲಿನ ಕೋಪ! ನಲವತ್ತು ದಾಟಿದ ಹೆಂಗಸನ್ನು ಪ್ರಾಂತ್ಯದ ರಾಜಧಾನಿ ಸಾಂತಾ ಕ್ರೂಸ್‌ಗೆ ಸುಮಾರು 50 ಕಿಲೋಮೀಟರ್ ನಡೆಸಿಕೊಂಡೇ ಹೋದರು. ಬಿಡುಗಡೆಗೆ ಎರಡೂವರೆ ವರ್ಷ ಹಿಡಿಯಿತು.

ಮುಂದೆ ತಾಯಿಯ ದೃಷ್ಟಿ ಮಂಜಾಯಿತು. ಮಗ ಯುರೋಪಿಗೆ ಹೋಗಿ ಪ್ಯಾರಿಸ್ಸಿನಲ್ಲಿ ಲೂಯಿ ದ ವೆಕರ್, ಹೈಡೆಲ್‌ಬರ್ಗ್‌ನಲ್ಲಿ ಓಟೊ ಬೆಕರ್ ಅವರ ಕೈಕೆಳಗೆ ಕಣ್ಣಿನ ವೈದ್ಯ ಕಲಿತದ್ದರ ಹಿಂದೆ ಈ ಮಂಜೂ ಇತ್ತು. ಮೊದಲ ಆಪರೇಷನ್ ನಡೆದದ್ದು ಹಾಂಗ್‌ಕಾಂಗಿನಲ್ಲಿ. ಕಲಾಂಬದ ಜಮೀನಿನಿಂದ ಮನೆಮಂದಿಯನ್ನು ಹೊರಹಾಕಿದ ಮೇಲೆ ತಂದೆತಾಯಿ ಅಲ್ಲಿಗೆ ಹೋಗಿದ್ದರು. ಇನ್ನೊಂದು ದಪಿತಾನಿನಲ್ಲಿ.

1896ರ ಡಿಸೆಂಬರಿನಲ್ಲಿ, ಸ್ಪೇನ್ ಆಡಳಿತದ ವಿರುದ್ಧ ದಂಗೆಯ ಆರೋಪದ ಮೇಲೆ ಮಗನಿಗೆ ಮರಣದಂಡನೆಯಾದಾಗ ಎಪ್ಪತ್ತರ ಹತ್ತಿರದ ಈ ತಾಯಿ ಗವರ್ನರ್ ಜನರಲ್ ಪೊಲವಿಯೆಹಾನ ಬಳಿ ಪ್ರಾಣಭಿಕ್ಷೆ ಕೇಳಿದರು. ಸಿಗಲಿಲ್ಲ. ಕಡೆಯ ಭೇಟಿಯಲ್ಲಿ ಮಗನನ್ನು ಅಪ್ಪಿಕೊಳ್ಳಲೂ ಕಾವಲಿನವರು ಬಿಡಲಿಲ್ಲ. ಡಿಸೆಂಬರ್ 30ರ ಬೆಳಿಗ್ಗೆ ಗುಂಡಿಟ್ಟು ಕೊಂದರು.

ರಿಸಾಲ್ ಅವರ ಗುರುತಿಲ್ಲದ ಗೋರಿಯನ್ನು ಪಾಕೊ ಸ್ಮಶಾನದಲ್ಲಿ ಹುಡುಕಿ ಹಿಡಿದವಳು ಮಗಳು ನಾರ್ಸಿಸಾ. 1898ರ ಆಗಸ್ಟಿನಲ್ಲಿ ಅಸ್ಥಿ ತೆಗೆದು, ತೊಳೆದು, ಬಿನೊಂದೊದ ಮನೆಗೆ ತಂದರು. ಮುಂದೆ ಲೊಲಾಯ್ ಬದುಕಿದ್ದಷ್ಟು ಕಾಲ ಅಸ್ಥಿ ಮನೆಯಲ್ಲೇ ಉಳಿಯಿತು. ಹೊಸ ಅಮೆರಿಕನ್ ಆಡಳಿತದಲ್ಲಿ ಫಿಲಿಪ್ಪೀನ್ ಶಾಸನಸಭೆ ರಾಷ್ಟ್ರವೀರನ ತಾಯಿಗೆ ಪಿಂಚಣಿ ಕೊಡಲು ಮುಂದಾಯಿತು. ನಮ್ಮ ಮನೆಯವರು ದುಡ್ಡಿಗಾಗಿ ದೇಶಭಕ್ತರಾದವರಲ್ಲ, ಸರ್ಕಾರದ ಬಳಿ ಹಣ ಹೆಚ್ಚಿದ್ದರೆ ತೆರಿಗೆ ಇಳಿಸಲಿ ಎಂದು ಅವರು ವಾಪಸು ಕಳಿಸಿದರಂತೆ. ಕಣ್ಣಿನ ಪಟ್ಟಿಯ ವಿಷಯದಲ್ಲಿ ಹಟ ತಪ್ಪಾಗಿತ್ತು, ನಿಜ. ಇಲ್ಲಿ ಮಾತ್ರ ಆ ಹಟಕ್ಕೆ ಪೂರ್ತಿ ಅಂಕ ಕೊಡಲೇಬೇಕು.

1911ರ ಆಗಸ್ಟ್ 16ರಂದು ಲೊಲಾಯ್ ತೀರಿಕೊಂಡರು. ಮರುವರ್ಷ ಡಿಸೆಂಬರ್ 30ರಂದು ರಿಸಾಲ್ ಅಸ್ಥಿಯನ್ನು ಲುನೆತಾ ಮೈದಾನದಲ್ಲಿ, ಈಗ ಸ್ಮಾರಕವಿರುವ ಜಾಗದಲ್ಲಿ ಇರಿಸಿದರು.

ಮನಿಲಾಕ್ಕೆ ಹೋದವರು ಆ ಸ್ಮಾರಕದ ಮುಂದೆ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಹಾಗೆ ಹೋದಾಗ ಕಲಾಂಬದ ಮನೆಗೂ ಒಂದು ದಿನ ಇಟ್ಟುಕೊಳ್ಳಿ. ಹಳೆಯ ಕಟ್ಟಡ ಉಳಿದಿಲ್ಲ; ಈಗಿರುವುದು 1950ರಲ್ಲಿ ವಾಸ್ತುಶಿಲ್ಪಿ ಹ್ವಾನ್ ನಕ್ಪಿಲ್ ಮರಳಿ ಕಟ್ಟಿಸಿದ್ದು. ಟಿಕೆಟ್ಟಿಲ್ಲ, ಸೋಮವಾರ ರಜೆ.