ಡಾಕ್ಟರ್ ಕೇಳಿದಾಗ ನಾನು ಹೇಳಿದ ಸುಳ್ಳು

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿದೆ. ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳಾದ ಸಹೋದ್ಯೋಗಿಯೊಬ್ಬಳು ಕಾಫಿ ಲೋಟ ತಿರುಗಿಸುತ್ತಾ, "ಅಕ್ಕಾ, ಒಂದು ವಿಷ್ಯ ಕೇಳ್ಲಾ? ನಗಬಾರ್ದು" ಅಂದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ, ತನ್ನ ಹತ್ತಿರ ಇರುವ ವೈಬ್ರೇಟರ್ ಅಂಟಂಟು ಆಗಿದೆ, ತೊಳೆದರೆ ಸರಿ ಹೋಗುತ್ತಾ ಅಂತ ಕೇಳಿದಳು. ನಾನು ನಗಲಿಲ್ಲ. ಇದೇ ಪ್ರಶ್ನೆಯನ್ನು ಒಂದೂವರೆ ವರ್ಷದ ಹಿಂದೆ ಯಾರನ್ನಾದರೂ ಕೇಳಿದ್ದರೆ ನನ್ನ ಎಂಟು ತಿಂಗಳ ಒದ್ದಾಟ ಉಳಿಯುತ್ತಿತ್ತು. ಕೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆ ಕಡೆಯವಳು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಪಿಜಿಯಲ್ಲಿದ್ದ ಕಾಲದಲ್ಲಿ, ಆನ್‌ಲೈನಿನಲ್ಲಿ 'ಬಾಡಿ ಮಸಾಜರ್' ಅನ್ನೋ ಹೆಸರಿನಲ್ಲಿದ್ದ ಒಂದನ್ನು ಎಂಟುನೂರು ರೂಪಾಯಿಗೆ ತರಿಸಿಕೊಂಡಿದ್ದೆ. ಡಬ್ಬಿಯ ಮೇಲೆ ಯಾವ ವಸ್ತುವಿನಿಂದ ಮಾಡಿದ್ದು ಅಂತ ಬರೆದಿರಲಿಲ್ಲ, ಬರೀ 'ಸಾಫ್ಟ್' ಅಂತಿತ್ತು. ಪಾರ್ಸೆಲ್ ಕೈಗಿಟ್ಟ ಪಿಜಿ ಆಂಟಿ "ಏನಮ್ಮಾ, ಇಯರ್‌ಫೋನಾ?" ಅಂದಾಗ "ಹೂಂ ಆಂಟಿ" ಅಂದಿದ್ದೆ. ಸುಳ್ಳು ಶುರುವಾಗಿದ್ದು ಅಲ್ಲಿಂದಲೇ ಅನ್ನಿ.

ಮದುವೆಯಾದ ಮೇಲೂ ಅದು ನನ್ನ ಜೊತೆ ಬಂತು. ಒಂದು ಹಳೇ ಕಾಲುಚೀಲದೊಳಗೆ, ಬೀರುವಿನಲ್ಲಿ ಮಾರ್ಕ್ಸ್ ಕಾರ್ಡ್ ಫೈಲಿನ ಹಿಂದೆ. ಯಜಮಾನರಿಗೆ ಪ್ರಾಜೆಕ್ಟ್ ಪುಣೆಯಲ್ಲಿತ್ತು, ತಿಂಗಳಲ್ಲಿ ಎರಡು ವಾರ ಅಲ್ಲೇ. ಅವನಿಲ್ಲದಾಗ ಬಳಸುತ್ತಿದ್ದೆ. ಅವನಿಗೆ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತ ನಿರ್ಧಾರ ಮಾಡಿದ್ದಲ್ಲ, ಹೇಳುವ ಸಂದರ್ಭ ಬರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆಫೀಸಿನಲ್ಲಿ ನನ್ನ ಕೆಲಸ ಹಳೇ ಸಾಫ್ಟ್‌ವೇರನ್ನು ಹೊಸದಕ್ಕೆ ಬದಲಿಸುವುದು. ಯಾವ ಲೈಬ್ರರಿಗೆ ಸಪೋರ್ಟ್ ನಿಂತಿದೆ, ಯಾವ ಸರ್ವರ್ ಇನ್ನು ಮೂರು ತಿಂಗಳಲ್ಲಿ ತೆಗೆಯಬೇಕು ಅಂತ ಪಟ್ಟಿ ಇಟ್ಟುಕೊಂಡು ಟೀಮಿನ ಪ್ರಾಣ ತಿನ್ನುವವಳು ನಾನೇ. ಮನೆಯಲ್ಲಿ ಮಾತ್ರ ಕಣ್ಣಿಗೆ ಕಂಡಿದ್ದನ್ನೂ ಕಾಣದ ಹಾಗಿದ್ದೆ. ಆ ವಸ್ತುವಿನ ಗುಲಾಬಿ ಬಣ್ಣ ಹಳದಿಗೆ ತಿರುಗಿತ್ತು. ಮುಟ್ಟಿದರೆ ಎಣ್ಣೆ ಸವರಿದ ಹಾಗೆ ಜಿಡ್ಡು. ಎಷ್ಟು ತೊಳೆದರೂ ಪ್ಲಾಸ್ಟಿಕ್ ಸುಟ್ಟಂಥ ವಾಸನೆ. ಚಾರ್ಜಿಗೆ ಹಾಕಿದರೆ ಬುಡ ಬಿಸಿಯಾಗುತ್ತಿತ್ತು, ಹತ್ತು ನಿಮಿಷಕ್ಕೆ ಆಫ್. ಬಿಸಾಡಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಆದರೆ ಎಲ್ಲಿ ಬಿಸಾಡೋದು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಅಂತ ಬೇರೆ ಮಾಡಿ ಕೊಡಬೇಕು. ಒಣ ಕಸದ ಚೀಲವನ್ನು ಕೆಳಗೆ ಒಬ್ಬ ಅಕ್ಕ ಕೈಯಿಂದಲೇ ಬಿಚ್ಚಿ ವಿಂಗಡಿಸುತ್ತಾರೆ. ಅವರ ಮುಖ ನೆನೆಸಿಕೊಂಡು ಮತ್ತೆ ಕಾಲುಚೀಲಕ್ಕೆ ಸೇರಿಸುತ್ತಿದ್ದೆ.

ಆಮೇಲೆ ತುರಿಕೆ, ಉರಿ ಶುರುವಾಯಿತು. ಬಿಳಿ ಸೆರಗು ಅಂತ ಅಮ್ಮಂದಿರು ಪಿಸುಗುಟ್ಟುತ್ತಾರಲ್ಲ, ಅದೂ. ಡಾಕ್ಟರ್ ಫಂಗಲ್ ಇನ್ಫೆಕ್ಷನ್ ಅಂದರು, ಮಾತ್ರೆ, ಕ್ರೀಮು ಕೊಟ್ಟರು. ವಾಸಿಯಾಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಮೂರನೇ ಸಲ ಹೋದಾಗ ಶುಗರ್ ಟೆಸ್ಟ್ ಮಾಡಿಸಿದರು, ನಾರ್ಮಲ್. ಡಾಕ್ಟರ್ ಕನ್ನಡಕ ತೆಗೆದು ಕೇಳಿದರು: "ನೋಡಮ್ಮಾ, ಸೆಂಟ್ ಇರೋ ಸೋಪು, ವಾಶ್, ಏನಾದ್ರೂ ಸಾಧನ, ಇಂಥದ್ದು ಯಾವುದಾದ್ರೂ ಬಳಸ್ತೀಯಾ?"

"ಇಲ್ಲ ಡಾಕ್ಟರ್" ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಮನೆಯಲ್ಲಿ ಬೇರೆ ಕಥೆ ನಡೆಯುತ್ತಿತ್ತು. ಅವನು ಪುಣೆಯಿಂದ ಬಂದ ದಿನ ನಾನು ತಲೆನೋವು ಅಂತ ಬೇಗ ಮಲಗುತ್ತಿದ್ದೆ. ನೋವಿತ್ತು, ನಿಜ. ಅದರ ಜೊತೆ ಅವನಿಗೂ ತಗುಲಿದರೆ ಅನ್ನೋ ಭಯ, ಎಲ್ಲಿ ಗೊತ್ತಾಗುತ್ತೋ ಅನ್ನೋ ಭಯ. ಹೀಗೆ ಆರೇಳು ತಿಂಗಳು. ಒಂದು ಭಾನುವಾರ ಬೆಳಿಗ್ಗೆ ಚಿತ್ರಾನ್ನಕ್ಕೆ ಈರುಳ್ಳಿ ಹೆಚ್ಚುತ್ತಾ ಅವನು ತಲೆ ಎತ್ತದೆ ಕೇಳಿದ: "ನಿಂಗೆ ನನ್ನ ಕಂಡ್ರೆ ಆಗಲ್ವಾ ಈಗ?"

ಆ ದನಿ ಕೇಳಿ ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಇಷ್ಟು ದಿನ ನಾನು ನನ್ನ ಮಾನ ಕಾಪಾಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ಅವನು ಆ ಇಡೀ ಸಮಯ ತನ್ನದೇ ಏನೋ ತಪ್ಪು ಅಂತ ಲೆಕ್ಕ ಹಾಕುತ್ತಿದ್ದ. ಒಲೆ ಆಫ್ ಮಾಡಿ ಎಲ್ಲ ಹೇಳಿದೆ. ಬೀರುವಿನಿಂದ ತಂದು ತೋರಿಸಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬೇಜಾರಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. "ಇದಿದ್ದಿದ್ದಕ್ಕೆ ಬೇಜಾರಿಲ್ಲ ಕಣೇ. ಎಂಟು ತಿಂಗಳು ಒಬ್ಬಳೇ ಡಾಕ್ಟರ್ ಹತ್ರ ಓಡಾಡಿದ್ಯಲ್ಲ, ಅದಕ್ಕೆ" ಅಂದ. ಆಮೇಲೆ ಆ ವಸ್ತುವನ್ನು ಒಂದು ಟಿಶ್ಯೂನಲ್ಲಿ ಹಿಡಿದು ತಿರುಗಿಸಿ ನೋಡಿ, "ಮೊಬೈಲನ್ನ ಎರಡು ವರ್ಷಕ್ಕೆ ಬದಲಾಯಿಸ್ತೀಯಾ, ಇದನ್ನ ಮ್ಯೂಸಿಯಂಗೆ ಇಟ್ಟಿದ್ದಾ?" ಅಂದ. ನಾನು ಅಳ್ತಾ ಅಳ್ತಾನೇ ನಕ್ಕೆ.

ಮರುದಿನ ಇಬ್ಬರೂ ಡಾಕ್ಟರ್ ಹತ್ತಿರ ಹೋದೆವು. ನಿಜ ಹೇಳಿದೆ. ಅವರು ಹುಬ್ಬು ಕೂಡ ಏರಿಸಲಿಲ್ಲ. "ಇದೇ ಕಾರಣ ಅಂತ ನಾನು ಗ್ಯಾರಂಟಿ ಕೊಡಲ್ಲ. ಆದ್ರೆ ಇಂಥ ವಸ್ತು ಇಟ್ಕೊಂಡು ಔಷಧಿ ತಗೊಂಡ್ರೆ ಏನು ಉಪಯೋಗ? ಮೊದಲು ಅದನ್ನ ತೆಗಿ, ಸ್ವಾಬ್ ಟೆಸ್ಟ್ ಮಾಡ್ಸು, ಕೋರ್ಸ್ ಪೂರ್ತಿ ಮುಗಿಸು" ಅಂದರು. ಮುಗಿಸಿದೆ. ಮತ್ತೆ ಬಂದಿಲ್ಲ.

ಅಲ್ಲಿಂದ ಮೇಲೆ ನಾನು ಕೂತು ಓದಿದ್ದು, ಡಾಕ್ಟರ್ ಹೇಳಿದ್ದು ಎರಡನ್ನೂ ಸೇರಿಸಿ ಕ್ಯಾಂಟೀನಿನಲ್ಲಿ ಆ ಹುಡುಗಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ಎಲ್ಲಾ ನಿಂತಿರುವುದು ಅದು ಯಾವ ವಸ್ತುವಿನದು ಅನ್ನೋದರ ಮೇಲೆ. ಅಗ್ಗದ, ಮೆತ್ತನೆಯ 'ಜೆಲ್ಲಿ' ಥರದವು ಸಾಮಾನ್ಯವಾಗಿ ಪಿವಿಸಿ ಅಥವಾ ಟಿಪಿಇ. ಇವುಗಳ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೀರು, ಸೂಕ್ಷ್ಮಜೀವಿ ಒಳಗೆ ಕೂರುತ್ತವೆ, ಸೋಪು ಹಾಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಪಿವಿಸಿಯನ್ನು ಮೆತ್ತಗೆ ಮಾಡೋಕೆ ಥಾಲೇಟ್ ಅನ್ನೋ ರಾಸಾಯನಿಕಗಳನ್ನು ಬೆರೆಸುವುದುಂಟು. ಕಾಲ ಕಳೆದಂತೆ ಇಂಥ ಮೆತ್ತಗಾಗಿಸುವ ಅಂಶಗಳು ಹೊರಗೆ ಸೋರುತ್ತವೆ, ನಾನು ಕಂಡ ಜಿಡ್ಡು ಇಂಥದ್ದೇ. ಅಂಟಂಟಾಗಿದ್ದು ತೊಳೆದರೆ ಸರಿ ಹೋಗಲ್ಲ, ವಸ್ತುವೇ ಕೆಡುತ್ತಿದೆ ಅಂತ ಅರ್ಥ. ಶುದ್ಧ ಸಿಲಿಕೋನ್, ಸ್ಟೀಲ್, ಗಟ್ಟಿ ಗಾಜಿನವುಗಳಲ್ಲಿ ರಂಧ್ರ ಇರಲ್ಲ, ಶುಚಿ ಮಾಡೋದು ಸುಲಭ, ಬಾಳಿಕೆಯೂ ಹೆಚ್ಚು.

ಹಾಗಾದರೆ ಯಾವಾಗ ಬದಲಿಸಬೇಕು? ಇಷ್ಟೇ ವರ್ಷ ಅಂತ ಎಲ್ಲದಕ್ಕೂ ಒಂದೇ ಲೆಕ್ಕ ಇಲ್ಲ. ಜಿಡ್ಡು, ಹೋಗದ ವಾಸನೆ, ಬಣ್ಣ ಬದಲಾವಣೆ, ಸೀಳು, ಗೀರು, ಜೋಡಣೆಯ ಅಂಚು ಬಿಡುವುದು, ಇವುಗಳಲ್ಲಿ ಒಂದು ಕಂಡರೂ ಸಾಕು, ತೆಗೆದುಬಿಡಿ. ಚಾರ್ಜ್ ಆಗುವಾಗ ಕೈ ಸುಡುವಷ್ಟು ಬಿಸಿ, ಉಬ್ಬಿದ ಮೈ, ಚಾರ್ಜಿಂಗ್ ಜಾಗದಲ್ಲಿ ತುಕ್ಕು ಕಂಡರೆ ಆ ದಿನವೇ ನಿಲ್ಲಿಸಿ. ಒಳಗಿರುವುದು ಮೊಬೈಲಿನಲ್ಲಿರುವ ಥರದ್ದೇ ಲಿಥಿಯಂ ಬ್ಯಾಟರಿ. ಇನ್ಫೆಕ್ಷನ್ ಆಗಿದ್ದಾಗ ರಂಧ್ರವಿರುವ ವಸ್ತು ಬಳಸಿದ್ದರೆ ಅದನ್ನು ಮತ್ತೆ ಬಳಸಬೇಡಿ. ಬಳಸಿದ ಮೇಲೆ ಉರಿ, ದದ್ದು ಬಂದರೆ ವಸ್ತು ಹೊಸದಾದರೂ ನಿಮ್ಮ ಮೈಗೆ ಒಗ್ಗಿಲ್ಲ ಅಂತ ತಿಳಿಯಿರಿ.

ಕಾಪಾಡಿಕೊಳ್ಳುವುದೂ ಕಷ್ಟ ಏನಿಲ್ಲ. ಬಳಸುವ ಮುಂಚೆ, ಆಮೇಲೆ ಎರಡೂ ಸಲ ವಾಸನೆಯಿಲ್ಲದ ಸೌಮ್ಯ ಸೋಪು, ಉಗುರು ಬೆಚ್ಚಗಿನ ನೀರು. ಪೂರ್ತಿ ಒಣಗಿದ ಮೇಲೆ ಹತ್ತಿಯ ಚೀಲ. ನನ್ನ ಹಾಗೆ ಒದ್ದೆಯನ್ನೇ ಕಾಲುಚೀಲಕ್ಕೆ ತುರುಕಬೇಡಿ. ಮೋಟಾರು, ಬ್ಯಾಟರಿ ಏನೂ ಇಲ್ಲದ ಪೂರ್ತಿ ಸಿಲಿಕೋನಿನದಾದರೆ ಐದು ನಿಮಿಷ ಕುದಿಸಬಹುದು. ಮೋಟಾರಿದ್ದರೆ ಬೇಡವೇ ಬೇಡ. ಐಪಿಎಕ್ಸ್7 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ. ಅದು ತಣ್ಣೀರಿನ ಲೆಕ್ಕ, ಕುದಿಯುವ ನೀರಿನದಲ್ಲ. ಸಿಲಿಕೋನ್ ಸಾಧನಕ್ಕೆ ನೀರು ಆಧಾರಿತ ಲೂಬ್ರಿಕಂಟ್ ಒಳ್ಳೆಯದು. ಸಿಲಿಕೋನ್ ಲೂಬ್ರಿಕಂಟ್ ಅದರ ಮೈಯನ್ನೇ ಕೆಡಿಸಬಹುದು. ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ಇರುವವರಿಗೆ ಒಂದು ಮಾತು: ಎಣ್ಣೆ ಲ್ಯಾಟೆಕ್ಸ್ ಕಾಂಡೋಮನ್ನು ಹಾಳು ಮಾಡುತ್ತದೆ. ಇಬ್ಬರು ಬಳಸುವುದಾದರೆ ಕಾಂಡೋಮ್ ಹಾಕಿ, ಪ್ರತಿಯೊಬ್ಬರಿಗೂ ಬದಲಿಸಿ.

ಇನ್ನು ಅಪ್‌ಗ್ರೇಡ್. ಹೊಸ ಮಾಡೆಲ್ ಬಂತು ಅಂತ ಹಳೆಯದನ್ನು ಬಿಡಬೇಕಿಲ್ಲ. ನೀವು ಇಟ್ಟುಕೊಂಡಿರುವುದು ಯಾವ ವಸ್ತು ಅಂತ ಗೊತ್ತೇ ಇಲ್ಲದಿದ್ದರೆ ಮಾತ್ರ ಅದೇ ಸಾಕಷ್ಟು ಕಾರಣ. ಖರೀದಿಸುವಾಗ ವಸ್ತುವಿನ ಹೆಸರು ಸ್ಪಷ್ಟವಾಗಿ ಬರೆದಿದೆಯಾ ನೋಡಿ. ಇವುಗಳ ಸುರಕ್ಷತೆಗಾಗಿಯೇ 2021ರಲ್ಲಿ ಐಎಸ್‌ಒ 3533 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಬಂದಿದೆ. ಮೊಬೈಲ್ ಆ್ಯಪಿನಿಂದ ನಡೆಯುವವುಗಳ ಬಗ್ಗೆ ಸಾಫ್ಟ್‌ವೇರಿನವಳಾಗಿ ನನಗೆ ಅನುಮಾನ ಜಾಸ್ತಿ. ಬಳಕೆದಾರರ ತೀರಾ ಖಾಸಗಿ ಮಾಹಿತಿಯನ್ನು ಆ್ಯಪ್ ಮೂಲಕ ಸಂಗ್ರಹಿಸಿದ ಆರೋಪದ ಮೇಲೆ ಕೆನಡಾದ ಕಂಪನಿಯೊಂದು 2017ರಲ್ಲಿ ಲಕ್ಷಾಂತರ ಡಾಲರ್ ಕೊಟ್ಟು ಮೊಕದ್ದಮೆ ರಾಜಿ ಮಾಡಿಕೊಂಡಿತು. ನಾವು ಬಟನ್ ಇರುವುದನ್ನೇ ತಗೊಂಡೆವು.

ಬಿಸಾಡುವ ಕೆಲಸ ಯಜಮಾನರದ್ದು. ಬ್ಯಾಟರಿ ಇರುವುದನ್ನು ಒಣ ಕಸಕ್ಕೆ ಹಾಕಿದರೆ ಲಾರಿಯಲ್ಲಿ ಅದುಮುವಾಗ ಬೆಂಕಿ ಹತ್ತಬಹುದು, ಇ-ತ್ಯಾಜ್ಯಕ್ಕೇ ಹೋಗಬೇಕು. ಸೋಪು ಹಾಕಿ ತೊಳೆದು, ಒಣಗಿಸಿ, ಚಾರ್ಜಿಂಗ್ ಪಿನ್ನಿನ ಮೇಲೆ ಟೇಪ್ ಅಂಟಿಸಿ, ಪೇಪರಿನಲ್ಲಿ ಸುತ್ತಿ, ಎರಡು ಹಳೇ ಚಾರ್ಜರ್, ಒಂದು ಕೆಟ್ಟ ಮೌಸ್ ಜೊತೆ ಅಪಾರ್ಟ್‌ಮೆಂಟಿನ ಇ-ತ್ಯಾಜ್ಯದ ಡಬ್ಬಕ್ಕೆ ಹಾಕೋಕೆ ಹೋದ. ಸೆಕ್ಯೂರಿಟಿಯವರು "ಏನ್ ಸಾರ್ ಅದು ಸುತ್ತಿರೋದು?" ಅಂದರಂತೆ. "ಹಳೇ ಟ್ರಿಮ್ಮರ್" ಅಂದನಂತೆ. ಮೇಲೆ ಬಂದು ಅದನ್ನು ಹೇಳುವಾಗ ಅವನ ಕಿವಿ ಕೆಂಪಾಗಿತ್ತು. "ಈಗ ಗೊತ್ತಾಯ್ತಾ ಸುಳ್ಳು ಎಷ್ಟು ಬೇಗ ಬಾಯಿಗೆ ಬರುತ್ತೆ ಅಂತ?" ಅಂದೆ.

ಕ್ಯಾಂಟೀನಿನ ಹುಡುಗಿಗೆ ಕೊನೆಗೆ ಒಂದೇ ಮಾತು ಹೇಳಿದೆ: ಡಾಕ್ಟರ್ ಕೇಳಿದರೆ ನಿಜ ಹೇಳು. ಅವರು ಅದಕ್ಕಿಂತ ಎಷ್ಟೋ ದೊಡ್ಡದನ್ನು ನೋಡಿರುತ್ತಾರೆ.

ನಮ್ಮಮ್ಮ ಉಪ್ಪಿನಕಾಯಿ ಜಾಡಿಯ ಮೇಲೆ ಹಾಕಿದ ದಿನದ ತಾರೀಕು ಬರೆದ ಚೀಟಿ ಅಂಟಿಸುತ್ತಾರೆ. ಹೊಸ ಹತ್ತಿ ಚೀಲದ ಒಳಗೆ ನಾನೂ ಒಂದು ಚೀಟಿ ಇಟ್ಟಿದ್ದೇನೆ. ತಂದ ತಾರೀಕು, ವಸ್ತುವಿನ ಹೆಸರು. ಕೆಳಗೆ ಅವನ ಅಕ್ಷರದಲ್ಲಿ ಇನ್ನೊಂದು ಸಾಲಿದೆ: 'ಅಂಟಿದರೆ ತಿಳಿಸುವುದು.'