ಗುಳಿಗೆ ಎಣಿಸುವ ಕಾಯಕ

ಕಾಯಕವೆಂಬ ಶಬ್ದವನ್ನು ನಾವು ಪ್ರವಚನದ ವೇದಿಕೆಗಳ ಮೇಲೆ ಎಷ್ಟು ಸಲ ಉಚ್ಚರಿಸಿದ್ದೇವೆಯೋ ಲೆಕ್ಕವಿಟ್ಟಿಲ್ಲ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಿಂದಲೂ ಅದು ನಮ್ಮ ನಾಲಗೆಯ ಮೇಲಿದೆ. ಅಂಬಿಗ, ಮಡಿವಾಳ, ಮಾದಾರ, ನುಲಿಯ ಎಂದು ಶರಣರ ಕಾಯಕಗಳನ್ನು ಸಾಲಾಗಿ ಹೇಳುವಾಗ ವೈದ್ಯ ಸಂಗಣ್ಣನವರ ಹೆಸರನ್ನೂ ತಪ್ಪದೆ ಸೇರಿಸುತ್ತಿದ್ದೆವು. ಆದರೆ ವೈದ್ಯರು ಬರೆದುಕೊಟ್ಟ ಔಷಧವನ್ನು ಎಣಿಸಿ ಕೈಗಿಡುವವರದೂ ಒಂದು ಘನವಾದ ಕಾಯಕವೆಂದು ನಮಗೆ ತೋರಿರಲಿಲ್ಲ. ಅದನ್ನು ನಮಗೆ ತಿಳಿಸಿಕೊಟ್ಟವರು ಬೆಂಗಳೂರಿನ ಒಬ್ಬ ಹೆಣ್ಣುಮಗಳು. ಕಾಲ, ನಮ್ಮ ಅಕ್ಕನವರು ನಮ್ಮೊಡನಿದ್ದ ಕೊನೆಯ ಎರಡು ತಿಂಗಳು.

2019ನೆಯ ಇಸವಿ. ಅಕ್ಕನವರಿಗೆ ಆಗ 74 ವರ್ಷ. ಅನ್ನನಾಳದಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಗುಣಪಡಿಸುವ ಚಿಕಿತ್ಸೆ ಇನ್ನಿಲ್ಲವೆಂದು ಹೇಳಿದ ಆಸ್ಪತ್ರೆಯವರು ನೋವಿಗೆಂದು ಮಾರ್ಫಿನ್ ಗುಳಿಗೆಗಳನ್ನು ಕೊಟ್ಟು ಮನೆಗೆ ಕಳುಹಿಸಿದರು. ದಿನಕ್ಕೆರಡು ಸಲ ಎಂದಷ್ಟೇ ಹೇಳಿದರು. ಅಕ್ಕನವರಿಗೆ ಗಟ್ಟಿ ಪದಾರ್ಥ ನುಂಗುವುದು ಕಷ್ಟವಾಗಿದ್ದರಿಂದ ಸೊಸೆಯು ಆ ಗುಳಿಗೆಯನ್ನು ಕುಟ್ಟಿ ಹಾಲಿನಲ್ಲಿ ಕಲಸಿ ಕುಡಿಸುತ್ತಿದ್ದಳು. ಕುಡಿದ ಗಂಟೆಯೊಳಗೆ ಅಕ್ಕನವರು ಕರೆದರೂ ಕಣ್ಣು ತೆರೆಯದಂತಾಗುವರು. ಸಂಜೆಯ ಹೊತ್ತಿಗೆ ಎಚ್ಚೆತ್ತು ನೋವಿನಿಂದ ಹೊರಳಾಡುವರು. ಮಂಪರಿನಲ್ಲಿ ಬೆಳಗಿನ ಇಷ್ಟಲಿಂಗ ಪೂಜೆಯೂ ತಪ್ಪತೊಡಗಿತು. ಎಂಟನೆಯ ವಯಸ್ಸಿನಿಂದ ಒಂದು ದಿನವೂ ತಪ್ಪಿಸದೆ ಬಂದ ಪೂಜೆ ಅದು.

ಆಗ ನಾವು ಒಂದು ತಪ್ಪು ಮಾಡಿದೆವು. ಅಫೀಮಿನಿಂದಾದ ಆ ಗುಳಿಗೆ ಬೇಡವೆಂದೆವು. ಅಕ್ಕನವರ ಬಳಿ ಕುಳಿತು, "ಸಹನೆಯೂ ಒಂದು ಶಿವಪೂಜೆ ಅಕ್ಕಾ, ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸು" ಎಂದು ಉಪದೇಶಿಸಿದೆವು. ಅವರು "ಆಗಲಿ ತಮ್ಮಾ" ಎಂದರು. ಅಂದಿನಿಂದ ನಮ್ಮೆದುರು ನೋವೆಂಬ ಮಾತನ್ನೇ ಆಡಲಿಲ್ಲ. ನಮ್ಮ ಮಾತು ಫಲಿಸಿತೆಂದು ನಾವು ಒಳಗೊಳಗೇ ಸಂತೋಷಪಟ್ಟೆವು.

ಹತ್ತು ದಿನ ಕಳೆದ ಮೇಲೆ ಅಳಿಯಂದಿರು ನಮ್ಮ ಮಾತನ್ನು ಮೀರಿ ಅಕ್ಕನವರನ್ನು ಒಂದು ಹಾಸ್ಪೈಸಿಗೆ ಕರೆದೊಯ್ದರು. ರೋಗ ವಾಸಿಯಾಗದೆಂದು ತಿಳಿದ ಬಳಿಕವೂ ರೋಗಿಯ ನೋವು, ದಣಿವು, ಭಯಗಳನ್ನು ಶಮನ ಮಾಡುವ ಆರೈಕೆಯ ಮನೆಗೆ ಹಾಗೆನ್ನುತ್ತಾರೆ. ಇಂಗ್ಲೆಂಡಿನಲ್ಲಿ ದಾದಿಯಾಗಿ, ಸಮಾಜಸೇವಕಿಯಾಗಿ, ಬಳಿಕ ವೈದ್ಯೆಯಾಗಿ ದುಡಿದ ಸಿಸಿಲಿ ಸಾಂಡರ್ಸ್ ಎಂಬ ಮಹಾತಾಯಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದು ಈ ಆರೈಕೆಗೆ ಶಾಸ್ತ್ರೀಯ ತಳಹದಿ ಹಾಕಿದರು. ನಮ್ಮ ದೇಶದ ಮೊದಲ ಹಾಸ್ಪೈಸಾದ ಶಾಂತಿ ಆವೇದನಾ 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಹಾಸ್ಪೈಸ್ ಟ್ರಸ್ಟ್ 1999ರಿಂದ ಕರುಣಾಶ್ರಯವನ್ನು ನಡೆಸುತ್ತ ರೋಗಿಗಳಿಂದ ಹಣ ಪಡೆಯದೆ ಸೇವೆ ಸಲ್ಲಿಸುತ್ತಿದೆ. ದಾಸೋಹವೆಂದರೆ ಅನ್ನವೊಂದೇ ಅಲ್ಲವೆಂದು ಇಂಥ ಮನೆಗಳನ್ನು ಕಂಡಾಗ ತಿಳಿಯುತ್ತದೆ.

ನಾವು ಹೋದ ಹಾಸ್ಪೈಸಿನಲ್ಲಿ ವೈದ್ಯರು ಪರೀಕ್ಷಿಸಿದ ಮೇಲೆ ಒಬ್ಬ ಫಾರ್ಮಸಿಸ್ಟ್ ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತರು. ನಮ್ಮ ಹಿರಿಯ ಮಗಳ ವಯಸ್ಸಿನವರು. ಔಷಧಾಲಯದ ಕಿಟಕಿಯ ಹಿಂದೆ ಇರಬೇಕಾದವರು ಇಲ್ಲೇಕೆ ಬಂದರೆಂದು ನಮಗೆ ಸೋಜಿಗವಾಯಿತು. ಮನೆಯಲ್ಲಿದ್ದ ಔಷಧಗಳನ್ನೆಲ್ಲ ಒಂದು ಚೀಲದಲ್ಲಿ ತರಲು ಮೊದಲೇ ಹೇಳಿಕಳುಹಿಸಿದ್ದರು. ಒಂದೊಂದನ್ನೇ ಹೊರತೆಗೆದು ಸಾಲಾಗಿ ಜೋಡಿಸಿದರು. ಎರಡು ಪಟ್ಟಿಗಳನ್ನು ಎತ್ತಿ ತೋರಿಸಿ, "ಗುರುಗಳೇ, ಇವುಗಳ ಹೆಸರು ಬೇರೆ ಬೇರೆ, ಆದರೆ ಒಳಗಿರುವ ನೋವಿನ ಔಷಧ ಒಂದೇ. ಎರಡನ್ನೂ ಕೊಟ್ಟರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು" ಎಂದರು. ಇಬ್ಬರು ವೈದ್ಯರು ಬೇರೆ ಬೇರೆ ದಿನ ಬರೆದದ್ದನ್ನು ನಾವು ಎರಡು ಔಷಧವೆಂದೇ ಭಾವಿಸಿದ್ದೆವು.

ಅನಂತರ ಮಾರ್ಫಿನ್ ಪಟ್ಟಿಯನ್ನು ಕೈಗೆತ್ತಿಕೊಂಡು, "ಇದನ್ನು ಹೇಗೆ ಕೊಡುತ್ತಿದ್ದಿರಿ?" ಎಂದು ಸೊಸೆಯನ್ನು ಕೇಳಿದರು. "ಕುಟ್ಟಿ ಹಾಲಿನಲ್ಲಿ ಕಲಸಿ" ಎಂದಳು. ಆ ಹೆಣ್ಣುಮಗಳು ಆಕೆಯನ್ನು ಗದರಲಿಲ್ಲ. "ಅಮ್ಮಾ, ಇದು ಹನ್ನೆರಡು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಔಷಧ ಬಿಡುವಂತೆ ಮಾಡಿದ ಗುಳಿಗೆ. ಕುಟ್ಟಿದರೆ ಅಷ್ಟು ಹೊತ್ತಿನದೆಲ್ಲ ಒಮ್ಮೆಗೇ ಮೈಗೆ ಸೇರುತ್ತದೆ. ಬೆಳಿಗ್ಗೆ ಮಂಪರು, ಸಂಜೆ ನೋವು. ಇದನ್ನು ನಿಮಗೆ ಯಾರಾದರೂ ಹೇಳಬೇಕಾಗಿತ್ತು" ಎಂದರು. ಇಡೀ ಮನೆಯನ್ನು ಕಂಗೆಡಿಸಿದ ಸಂಗತಿ ಒಂದು ಪ್ರಶ್ನೆಗೆ ಬಿಡಿಸಿಹೋಯಿತು. ದೋಷ ಔಷಧದ್ದಲ್ಲ, ಅದನ್ನು ಕೊಟ್ಟ ರೀತಿಯದು. ಅದನ್ನು ತಿಳಿಯದೆ ನಾವು ಔಷಧವನ್ನೇ ದೂರಿ ಉಪದೇಶಕ್ಕೆ ಕುಳಿತಿದ್ದೆವು.

ಬಳಿಕ ಅಕ್ಕನವರನ್ನು, "ನೋವೇ ಇಲ್ಲದ್ದು ಸೊನ್ನೆ, ಸಹಿಸಲಾಗದ್ದು ಹತ್ತು ಎಂದಿಟ್ಟುಕೊಳ್ಳಿ. ನಿಮ್ಮದು ಎಷ್ಟು?" ಎಂದು ಕೇಳಿದರು. ಅಕ್ಕನವರು ನಮ್ಮ ಮುಖ ನೋಡಿ "ಮೂರೋ ನಾಲ್ಕೋ ಇದ್ದೀತು" ಎಂದರು. ಆಕೆ ನಮ್ಮನ್ನು ನೀರು ತರಲು ಹೊರಗೆ ಕಳುಹಿಸಿದರು. ಹಿಂತಿರುಗಿದಾಗ ಬಾಗಿಲ ಬಳಿಯೇ ನಿಲ್ಲಿಸಿ ಮೆಲ್ಲಗೆ, "ತಪ್ಪು ತಿಳಿಯಬೇಡಿ ಗುರುಗಳೇ. ನೀವು ಹೊರಗೆ ಹೋದ ಮೇಲೆ ಅವರು ಒಂಬತ್ತು ಎಂದರು" ಎಂದರು.

ನಾವು ನೀರಿನ ತಂಬಿಗೆ ಹಿಡಿದು ಅಲ್ಲಿಯೇ ನಿಂತೆವು. ನಲವತ್ತು ವರ್ಷ ಪ್ರವಚನ ಹೇಳಿದವರಿಗೆ ಉತ್ತರಿಸಲು ಒಂದು ಮಾತೂ ಹೊಳೆಯಲಿಲ್ಲ. ಅಕ್ಕನವರು ಸಹಿಸಿದ್ದು ಶಿವನಿಗಾಗಿ ಅಲ್ಲ, ನಮ್ಮ ಮನಸ್ಸು ನೋಯದಿರಲೆಂದು.

ಅಕ್ಕನವರಿಗಿದ್ದ ಚಿಂತೆ ಒಂದೇ: ಪೂಜೆಯ ಹೊತ್ತಿಗೆ ಎಚ್ಚರ ತಪ್ಪಬಾರದು. "ಪೂಜೆ ಎಷ್ಟು ಗಂಟೆಗೆ ಅಮ್ಮಾ?" ಎಂದು ಆಕೆ ಕೇಳಿದರು. ಆರಕ್ಕೆಂದರು. ಆಕೆ ವೈದ್ಯರೊಡನೆ ಸಮಾಲೋಚಿಸಿ, ನಿಧಾನವಾಗಿ ಔಷಧ ಬಿಡುವ ಗುಳಿಗೆಯ ಬದಲು ನೀರಿನಲ್ಲಿ ಕದಡಿ ಕೊಡಬಹುದಾದ ಸಾದಾ ಮಾರ್ಫಿನ್ ಗುಳಿಗೆಯನ್ನು ಆರಿಸಿದರು. ಬೆಳಗಿನ 5, 9, ಮಧ್ಯಾಹ್ನ 1, ಸಂಜೆ 5ಕ್ಕೆ ಹತ್ತು ಮಿಲಿಗ್ರಾಂ. ನಡುರಾತ್ರಿ ಎಬ್ಬಿಸದಿರಲೆಂದು ರಾತ್ರಿ 9ಕ್ಕೆ ಮಾತ್ರ ಎರಡು ಪಟ್ಟು. ಐದಕ್ಕೆ ಕೊಟ್ಟ ಔಷಧ ಆರರ ಹೊತ್ತಿಗೆ ಚೆನ್ನಾಗಿ ಹಿಡಿದಿರುತ್ತದೆಯೆಂದು ಲೆಕ್ಕ. ಮೊದಲು ಕೊಡುತ್ತಿದ್ದುದೂ ದಿನಕ್ಕೆ ಅರವತ್ತೇ, ಈಗಲೂ ಅರವತ್ತೇ. ಅದರೊಂದಿಗೆ ತಪ್ಪದೆ ಮಲಬದ್ಧತೆಗೆ ಒಂದು ಔಷಧ, ಮೊದಲ ಕೆಲವು ದಿನ ವಾಕರಿಕೆಗೆ ಇನ್ನೊಂದು. (ಈ ಪ್ರಮಾಣ ನಮ್ಮ ಅಕ್ಕನವರಿಗೆ ಸಂದದ್ದು. ಬೇರೊಬ್ಬರಿಗೆ ಎಷ್ಟೆಂಬುದನ್ನು ಅವರ ವೈದ್ಯರೇ ನಿರ್ಧರಿಸಬೇಕು.)

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನವರು ದಿಂಬಿಗೊರಗಿ ಕುಳಿತು, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ದೃಷ್ಟಿ ನೆಟ್ಟಿದ್ದರು. ಕೈ ನಡುಗುತ್ತಿತ್ತು, ಮುಖ ಪ್ರಸನ್ನವಾಗಿತ್ತು.

ನೋವಿಗೆ ಹೊತ್ತು ಕೊಡದೆ, ಗಡಿಯಾರ ನೋಡಿ, ಸಾಧ್ಯವಾದಷ್ಟೂ ಬಾಯಿಯ ಮೂಲಕ, ನೋವಿನ ಮಟ್ಟಕ್ಕೆ ತಕ್ಕ ಔಷಧ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಹೇಳಿತ್ತೆಂದು ಆಕೆ ಬಳಿಕ ನಮಗೆ ವಿವರಿಸಿದರು. ನೋವಿಗಾಗಿ ಕ್ರಮವರಿತು ಕೊಟ್ಟ ಮಾರ್ಫಿನ್ ಚಟವಾಗುವುದು ವಿರಳ; ಆರಂಭದ ಮಂಪರು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ; ತಕ್ಕ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದ ಜರ್ಮನಿಯ ಸೆರ್ಟರ್ನರ್ ಕೂಡ ಔಷಧಾಲಯದಲ್ಲಿ ಕೆಲಸ ಕಲಿಯುತ್ತಿದ್ದ ತರುಣನಂತೆ. ಭಾರತದಲ್ಲಿ ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆಯುತ್ತಾರೆ. ಆದರೂ 1985ರ ಮಾದಕವಸ್ತು ಕಾಯಿದೆಯ ಬಿಗಿಗೆ ಅಂಜಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯು ಅಂಗೀಕೃತ ವೈದ್ಯಸಂಸ್ಥೆಗಳಿಗೆ ದಾರಿಯನ್ನು ಸುಗಮಗೊಳಿಸಿತು. ಕಾಯಿದೆ ಸಡಿಲವಾದರೂ ಮನೆಮನೆಯ ಅಂಜಿಕೆ ಸಡಿಲವಾಗಿಲ್ಲವೆಂಬುದಕ್ಕೆ ನಾವೇ ಸಾಕ್ಷಿ.

ವಾರದ ಬಳಿಕ ಅಕ್ಕನವರನ್ನು ಮನೆಗೆ ಕರೆತಂದೆವು. ಕೆಲವು ವಾರಗಳಲ್ಲಿ ನೀರೂ ಇಳಿಯದಾಯಿತು. ಆಗ ವೈದ್ಯರು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಬರೆದರು. ಮೂರು ದಿನಕ್ಕೊಮ್ಮೆ ಬದಲಿಸಬೇಕು. ಆ ಹೆಣ್ಣುಮಗಳು ಅದನ್ನು ಅಂಟಿಸುವ ಬಗೆಯನ್ನು ತೋರಿಸಿ, "ಬೆನ್ನು ನೋವೆಂದು ಇದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಶಾಖ ತಗುಲಿದರೆ ಔಷಧ ಹೆಚ್ಚಾಗಿ ಇಳಿದು ಅಪಾಯವಾಗುತ್ತದೆ" ಎಂದು ಎರಡೆರಡು ಸಲ ಹೇಳಿದರು. ಪ್ರತಿದಿನ ಸಂಜೆ ಅಕ್ಕನವರ ಬೆನ್ನಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದವರು ನಾವೇ. ಅವರು ಹೇಳದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಎದೆ ನಡುಗುತ್ತದೆ.

ಒಂದು ಸೋಮವಾರ ಬೆಳಗಿನ ಜಾವ ಅಕ್ಕನವರು ಲಿಂಗೈಕ್ಯರಾದರು. ಕಡೆಯ ಎಂಟು ದಿನ ಕುಳಿತು ಪೂಜಿಸಲಾಗಲಿಲ್ಲ. ಲಿಂಗ ಅಂಗೈಯಲ್ಲಿಯೇ ಇತ್ತು. ನೋವಿನ ಕೂಗು ಆ ಮನೆಯಲ್ಲಿ ಕೇಳಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಉಳಿದ ಔಷಧವನ್ನು ಹಿಂದಿರುಗಿಸಲು ನಾವೇ ಹೋದೆವು. ಆಕೆ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದರು. ಹದಿನಾಲ್ಕು. ಮತ್ತೊಮ್ಮೆ ಎಣಿಸಿದರು. ಬಳಸದೆ ಉಳಿದ ಎರಡು ಪಟ್ಟಿಗಳನ್ನೂ ಸೇರಿಸಿ ದಫ್ತರದಲ್ಲಿ ಬರೆದು, ನಮ್ಮ ಸಹಿ ಪಡೆದರು. ಬಳಿಕ ಪೆನ್ನನ್ನು ಕೆಳಗಿಟ್ಟು, "ಬೆಳಗಿನ ಐದರ ಗುಳಿಗೆ ಪೂಜೆಗೆ ಅನುಕೂಲವಾಯಿತೇ ಗುರುಗಳೇ?" ಎಂದು ಕೇಳಿದರು. ಆಯಿತೆಂದು ಹೇಳಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.

ಓದುಗ ಶರಣಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಮನೆಯಲ್ಲಿ ಇಂಥ ಕಷ್ಟ ಬಂದಾಗ ಇರುವ ಔಷಧಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿರಿ. ಕೇಳದೆ ಯಾವ ಗುಳಿಗೆಯನ್ನೂ ಕುಟ್ಟಬೇಡಿರಿ, ಮುರಿಯಬೇಡಿರಿ, ತಾವಾಗಿಯೇ ನಿಲ್ಲಿಸಬೇಡಿರಿ. ಔಷಧ ಕೊಡುವವರ ಬಳಿ ಎರಡು ನಿಮಿಷ ನಿಂತು ಕೇಳಲು ಸಂಕೋಚಪಡಬೇಡಿರಿ. ನೋವಿನಲ್ಲಿರುವವರ ಬಳಿ ಕುಳಿತಾಗ, ನಮ್ಮಂತೆ ಉಪದೇಶಕ್ಕೆ ತೊಡಗುವ ಮುನ್ನ, ಅವರ ನೋವು ಎಷ್ಟೆಂದು ಕೇಳಿರಿ. ಅವರು ನಿಜವನ್ನೇ ಹೇಳುವಂತೆ ಕೇಳಿರಿ.

ಇತ್ತೀಚೆಗೆ ಪ್ರವಚನದಲ್ಲಿ ಶರಣರ ಕಾಯಕಗಳನ್ನು ಹೇಳುವಾಗ ವೈದ್ಯ ಸಂಗಣ್ಣನವರ ಹೆಸರು ಬಂದೊಡನೆ ನಾವು ಒಂದು ಕ್ಷಣ ತಡೆಯುತ್ತೇವೆ. ಮೇಜಿನ ಮೇಲೆ ಗುಳಿಗೆಗಳನ್ನು ಎರಡನೆಯ ಸಲ ಎಣಿಸುತ್ತಿದ್ದ ಆ ಕೈಗಳು ನೆನಪಾಗುತ್ತವೆ. ಅವುಗಳಿಗೆ ಮನದಲ್ಲಿಯೇ ಶರಣೆಂದು ಮುಂದಿನ ಹೆಸರಿಗೆ ಹೋಗುತ್ತೇವೆ.