ಹಳೇ ಕಂಪ್ಯೂಟರಿನಿಂದ ಪ್ರಿಂಟ್

ಮಳೆಗಾಲದ ಮಂಗಳೂರಿನಲ್ಲಿ ಕರೆಂಟು ಹೋಗಿ ಬಂದಾಗ ರೂಟರ್ ಮತ್ತೆ ಆನ್ ಆಗುತ್ತದೆ, ಕೆಲವೊಮ್ಮೆ ಪ್ರಿಂಟರಿಗೆ ಬೇರೆ ಐಪಿ ವಿಳಾಸ ಕೊಟ್ಟುಬಿಡುತ್ತದೆ. ಹೊಸ ಫೋನು, ಲ್ಯಾಪ್‌ಟಾಪುಗಳು ಪ್ರಿಂಟರನ್ನು ಸಾಮಾನ್ಯವಾಗಿ ತಾವೇ ಹುಡುಕಿಕೊಳ್ಳುತ್ತವೆ. ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರ್ ಮಾತ್ರ ಮೊದಲಿನ ವಿಳಾಸಕ್ಕೇ ಕಳಿಸುತ್ತಿರುತ್ತದೆ. ರೂಟರಿನಲ್ಲಿ ಪ್ರಿಂಟರಿಗೆ ಒಂದು ಐಪಿ ಕಾಯಂ ಮಾಡಿ, ಎಕ್ಸ್‌ಪಿಯಲ್ಲಿ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ ಅದೇ ನಂಬರ್ ಹಾಕಿ. ಪೋರ್ಟ್ 9100. ಪ್ರಿಂಟರಿಗೆ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಅರ್ಥವಾಗುವುದಾದರೆ ಎಕ್ಸ್‌ಪಿಯಲ್ಲೇ ಇರುವ ಹಳೇ ಲೇಸರ್ ಡ್ರೈವರ್ ಹೆಚ್ಚಾಗಿ ಸಾಕಾಗುತ್ತದೆ.

ಇಂಥ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಿ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಯಕ್ಷಗಾನ ಪ್ರಸಂಗ, ಕುಟುಂಬದ ವಂಶಾವಳಿ, ನೇಮದ ಖರ್ಚಿನ ಲೆಕ್ಕ ಅಂಥ ಕಂಪ್ಯೂಟರುಗಳಲ್ಲಿ ಉಳಿದಿರುತ್ತವೆ. ಅವು ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕಾಣುವುದು ಅರ್ಥವಾಗದ ಚಿಹ್ನೆಗಳ ಸಾಲು. ಪರಿವರ್ತಕಗಳಿವೆ, ನಿಜ. ಆದರೆ ಒತ್ತಕ್ಷರ, ಅರ್ಕಾವತ್ತು ತಪ್ಪಿದರೆ ನೋಡಿ ತಿದ್ದಲು ಪಕ್ಕದಲ್ಲೊಂದು ಸರಿಯಾದ ಪ್ರಿಂಟ್ ಬೇಕೇ ಬೇಕು. ಅದನ್ನು ಈಗಲೇ ತೆಗೆದಿಡಿ, ಹಾರ್ಡ್ ಡಿಸ್ಕ್ ಕೆಲಸ ಮಾಡುತ್ತಿರುವಾಗಲೇ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಹಾಗಾಗಿ ಅದನ್ನು ಇಂಟರ್‌ನೆಟ್ಟಿಗೆ ಬಿಡಬೇಡಿ. ಕಂಪ್ಯೂಟರಿನ ಐಪಿಯನ್ನು ಕೈಯಾರೆ ಹಾಕಿ ಗೇಟ್‌ವೇ ಜಾಗ ಖಾಲಿ ಬಿಟ್ಟರೆ ಮನೆಯ ಪ್ರಿಂಟರ್ ಸಿಗುತ್ತದೆ, ಹೊರಗಿನ ದಾರಿ ಇರುವುದಿಲ್ಲ. ಹಾಂ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಕಾಗದವನ್ನು ಟ್ರೇಯಲ್ಲೇ ಬಿಡಬೇಡಿ. ತೇವ ಹೀರಿ ಸುರುಳಿಯಾಗಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ.